ಬಾವಿಕಟ್ಟೆಯ ಕೈ

ಸವಣೂರು
೧೪ ಡಿಸೆಂಬರ್ ೧೯೮೧

ತೀರ್ಥಸ್ವರೂಪಳಾದ ಯಮುನಕ್ಕನಿಗೆ, ತಮ್ಮ ಜಯತೀರ್ಥನ ಸಾಷ್ಟಾಂಗ ನಮಸ್ಕಾರಗಳು.

ನಿನ್ನ ಕಾರ್ಡು ಬಂದು ಮೂರು ತಿಂಗಳಾಯಿತು. ಉತ್ತರ ತಡವಾದುದಕ್ಕೆ ಶಾಲೆಯ ಪರೀಕ್ಷೆ, ಮನೆಯ ರಿಪೇರಿ ಎಂದು ಕಾರಣ ಕೊಡಬಹುದು. ನಲವತ್ತೈದು ದಾಟಿದ ಮಾಸ್ತರನಿಗೆ ಕಾರಣಗಳಿಗೇನು ಬರ? ಆದರೆ ನಿಜವೆಂದರೆ ಬರೆಯಲು ಧೈರ್ಯವಾಗಲಿಲ್ಲ.

ಮೊದಲು ಸುದ್ದಿ. ನಮ್ಮ ಇಟ್ಟಿಗೆ ಮನೆ ಈಗ ವಸತಿಗೃಹ. ನವಾಬರ ದಫ್ತರಿನಲ್ಲಿ ಕಾಗದ ಬರೆಯುತ್ತಿದ್ದ ಮುತ್ತಜ್ಜ ಕಟ್ಟಿಸಿದ ಮನೆಯಲ್ಲಿ ಈಗ ಹತ್ತಿ ವ್ಯಾಪಾರಿಗಳು ಗೊರಕೆ ಹೊಡೆಯುತ್ತಾರೆ. ಮಠಕ್ಕೆ ಬರುವ ಯಾತ್ರಿಕರೂ ಇಳಿಯುತ್ತಾರೆ. ರಾತ್ರಿ ಮಲಗಲು ಖೋಲಿ, ಬೆಳಿಗ್ಗೆ ನಾಷ್ಟಾ, ಅಷ್ಟೇ. ಬಾಗಿಲಿಗೆ ನಾನೇ ಬೋರ್ಡು ಬರೆದೆ: ‘ಮಲಗಲು ಮಂಚ, ತಿನ್ನಲು ಅವಲಕ್ಕಿ ಕೊಂಚ.’

ನಮ್ಮಾಕೆ ಓದಿ ಹಣೆ ಬಡಿದುಕೊಂಡಳು. “ಕೊಂಚ ಅಂತ ಬರದ್ರ ಹಸದವ್ರು ಯಾರರ ಒಳಗ ಬರ್ತಾರೇನ್ರಿ?”

“ಮಂಚಕ್ಕ ಪ್ರಾಸ ಬೇಕಲ್ಲ?”

“ಪ್ರಾಸಾ ಉಪ್ಪಿನಕಾಯಿ ಹಾಕ್ಕೊಂಡು ನೀವೇ ತಿನ್ರಿ.”

ಬೋರ್ಡು ಹಾಗೇ ಇದೆ. ಅವಲಕ್ಕಿಯನ್ನು ಮಾತ್ರ ಅವಳು ತಾಟು ತುಂಬಿಯೇ ಹಾಕುತ್ತಾಳೆ.

ಅವ್ವ ಮಲಗುತ್ತಿದ್ದ ಹಿಂದಿನ ಖೋಲಿಗೆ ಸುಣ್ಣ ಹೊಡೆಸಿದೆ. ಅದರ ಬಾಗಿಲು ತೆಗೆದರೆ ಬಾವಿಯೇ ಅಲ್ಲವೇ? ಮೊದಲ ಯಾತ್ರಿಕರು, ಒಬ್ಬರು ಮುದುಕರು, ಬೆಳಿಗ್ಗೆ ನೀರು ಸೇದಿ ಬಂದವರು ಅಂಗೈಯನ್ನೇ ನೋಡುತ್ತ ಕುಳಿತರು. ಯಾರೋ ಕೈ ಹಿಡಿದ ಹಾಗಾಯಿತು, ಪುಟ್ಟ ಕೈ, ಒದ್ದೆ, ಎಂದರು. ಅವರಿಗೆ ಸಂಧಿವಾತ ಇತ್ತು. ಆ ಲೆಕ್ಕಕ್ಕೆ ಸೇರಿಸಿಬಿಟ್ಟೆ. ಆಮೇಲೆ ಆಡೂರಿನ ಅಡಿವೆವ್ವ ಎಂಬಾಕೆ ಅದನ್ನೇ ಹೇಳಿದಳು. ಆಕೆಗೆ ಸಂಧಿವಾತ ಇರಲಿಲ್ಲ.

ಹೋದ ವಾರ ಹಿರೇಕೆರೂರಿನ ಪರಮೇಶಪ್ಪ ಬಂದಿದ್ದ. ಹತ್ತಿ ದಲಾಲಿ, ಆರಡಿ ಆಳು. ದೇವರನ್ನೂ ಅರ್ಧವೇ ನಂಬುವವನು. ನಾಷ್ಟಾಕ್ಕೆ ಕುಳಿತವನು ಕೇಳಿದ:

“ಅಲ್ರೀ ಮಾಸ್ತರ, ನಿಮ್ಮ ಮನ್ಯಾಗ ಸಣ್ಣ ಹುಡುಗಿ ಅದಾಳೇನ್ರಿ?”

“ಇಲ್ಲಲ್ಲ.”

“ಮತ್ತ ಬಾವಿ ಕಟ್ಟಿ ಹತ್ರ ನನ್ನ ಕೈಬೆರಳ ಹಿಡದಾಕಿ ಯಾರ್ರಿ? ಕೈ ಭಾಳ ತಣ್ಣಗಿತ್ತರಿ.”

ನಮ್ಮಾಕೆ ಸೌಟು ಹಿಡಿದೇ ನಿಂತಳು. “ನೀವು ಹೆದರಲಿಲ್ಲೇನ್ರಿ?”

“ಹೆದ್ರೂದೇನ್ ಬಂತವ್ವಾ? ಕೂಸು ಕೈ ಹಿಡದ್ರ ಯಾರರ ಕೊಡವಿಕೊಂತಾರೇನು? ಹಿಡಕೊಂಡ ನಿಂತೆ. ತಾನ ಬಿಟ್ಟು ಹೋತು. ಇನ್ನೊಂದೀಟು ಅವಲಕ್ಕಿ ಹಾಕ್ರಿ.”

ಅವನು ಎರಡನೆಯ ತಾಟು ಮುಗಿಸಿದ. ನನ್ನದು ಹಾಗೇ ಆರಿಹೋಯಿತು.

ಆ ಮಧ್ಯಾಹ್ನ ನಮ್ಮಾಕೆ ಮೆಲ್ಲಗೆ ಹೇಳಿದಳು, “ನನ್ನ ಕೈನೂ ಹಿಡೀತದ. ಮದಿವ್ಯಾಗಿ ಬಂದ ವರ್ಷದಿಂದ. ನೀವು ನಗ್ತೀರಿ ಅಂತ ಹೇಳಲಿಲ್ಲ.”

ಅಕ್ಕಾ, ಮೂವತ್ಮೂರು ವರ್ಷ ನಾನು ದಿನಾ ಅದೇ ಬಾವಿಯಿಂದ ನೀರು ಸೇದಿದ್ದೇನೆ. ನನ್ನ ಕೈಗೆ ಹಗ್ಗ ಬಿಟ್ಟರೆ ಏನೂ ಸಿಕ್ಕಿಲ್ಲ. ಮರುದಿನ ಬೆಳಿಗ್ಗೆ ಬರಿಗೈ ಚಾಚಿ ಒಂದು ತಾಸು ನಿಂತೆ. ಪಕ್ಕದ ಮನೆಯ ಲಾಲಬಿ ಗೋಡೆಯಾಚೆಯಿಂದ, “ಮಾಸ್ತರ, ಮಳಿ ಬರತೈತೇನು ನೋಡಾಕತ್ತೀರೇನ್ರಿ?” ಎಂದಳು. ಹೂಂ ಎಂದು ಒಳಗೆ ಬಂದೆ.

ನಿನ್ನ ಕಾರ್ಡಿನ ಮಾತಿಗೆ ಬರುತ್ತೇನೆ. ಅವ್ವನ ವರ್ಷಾಂತಕ್ಕೆ ಕರೆದರೆ ನೀನು ಬರೆದೆ: “ಹೆರಳು ಹಾಕಿಕೊಳ್ಳಲು ಹೋಗಿ ಕೂಸನ್ನು ಕಳೆದವಳು ಆ ಹೊಸ್ತಿಲು ತುಳಿಯಬಾರದು. ಅವ್ವ ಸಾಯುವ ತನಕ ಅದನ್ನೇ ಹೇಳಿದಳು.” ಹಾನಗಲ್ಲಿನಿಂದ ಇಲ್ಲಿಗೆ ಎರಡು ತಾಸಿನ ಬಸ್ಸು. ನೀನು ಅವ್ವನ ಹೆಣ ನೋಡಲು ಬಂದಾಗಲೂ ಬೀದಿಯಲ್ಲೇ ನಿಂತು ಹೋದೆ.

ಭಾವನವರಿಗೆ ನಮಸ್ಕಾರ. ಮಕ್ಕಳಿಗೆ ಆಶೀರ್ವಾದ ಹೇಳಬೇಕು; ನನ್ನ ಆಶೀರ್ವಾದದಲ್ಲಿ ಎಷ್ಟು ಬಲವಿದೆಯೋ ತಿಳಿಯದು. ದೇವರು ಅವರನ್ನು ಚೆನ್ನಾಗಿ ಇಡಲಿ.

ನಿನ್ನ ತಮ್ಮ,
ಜಯತೀರ್ಥ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು. ಆ ಬೆಳಿಗ್ಗೆ ನಮ್ಮ ತಂಗಿ ಗೋಪಿಯನ್ನು ನಾನು ನೋಡಿದ್ದೆ. ಆಗ ನನಗೆ ಹನ್ನೆರಡು. ಅದೇ ವರ್ಷ ಮುಂಜಿಯಾಗಿತ್ತು. ಸ್ನಾನ ಮಾಡಿ ಒದ್ದೆ ಪಂಜೆಯಲ್ಲಿ ದೇವರ ಪೂಜೆಗೆ ನೀರು ಒಯ್ಯುತ್ತಿದ್ದೆ. ಕೂಸು ಬಾವಿಯ ಕಟ್ಟೆ ಏರಿ ನಿಂತಿತ್ತು. “ಅಣ್ಣಾ, ಇಳೀತೇನಿ, ಕೈ ಹಿಡಿ” ಎಂದಳು. ಮುಟ್ಟಿದರೆ ಮೈಲಿಗೆ, ಡಿಸೆಂಬರ್ ಚಳಿಯಲ್ಲಿ ಮತ್ತೆ ತಣ್ಣೀರು. ನಾವಿಬ್ಬರೂ ದಿನಾ ಪ್ರಾಸದ ಆಟ ಆಡುತ್ತಿದ್ದೆವಲ್ಲ, ಅದೇ ಲಯದಲ್ಲಿ ಅಂದೆ: “ಹಿಡಿ ಅಂದ್ರ ಹೆಂಗ ಹಿಡಿ? ನಂದು ಮಡಿ, ದೂರ ನಡಿ!”

ಅವಳು ನಕ್ಕಳು. ಚಾಚಿದ ಕೈ ಹಾಗೇ ಇತ್ತು. ನಾನು ಒಳಗೆ ಹೋದೆ. ಹಿಂದೆ ಸಪ್ಪಳವಾದಾಗ ಕೊಡ ಬಿತ್ತು ಎಂದುಕೊಂಡೆ.

“ನೀ ನೋಡಿದ್ಯೇನೋ?” ಎಂದು ಅವ್ವ ಕೇಳಿದಳು. ಇಲ್ಲ ಎಂದೆ. ನಿನ್ನ ಅರ್ಧ ಹೆಣೆದ ಹೆರಳು ಹಿಡಿದು ಅವಳು ಹೊಡೆಯುವಾಗಲೂ ಇಲ್ಲ ಎಂದೆ.

ಈ ಕಾಗದವನ್ನು ಭಾವನವರಿಗೂ ಮಕ್ಕಳಿಗೂ ಓದಿ ಹೇಳು. ಆ ಹೊಸ್ತಿಲು ತುಳಿಯಬಾರದವನು ನಾನು, ನೀನಲ್ಲ. ಬಂದರೆ ಬಾವಿಯ ಹತ್ತಿರ ಒಬ್ಬಳೇ ಹೋಗು. ಅವಳು ನಿನ್ನ ಕೈ ಹಿಡಿದೇ ಹಿಡಿಯುತ್ತಾಳೆ. ಆಗ ನಿನಗೆ ಮನಸ್ಸಿದ್ದರೆ ಒಂದು ಮಾತು ಹೇಳು: ಅಣ್ಣನಿಗೆ ಈಗ ಮಡಿ ಇಲ್ಲ.