ಹಿಂಬಾಗಿಲಲ್ಲಿ ಕಾದವರಿಗೆ

ಬ್ಯಾಡಗಿ
೧೨ ಮಾರ್ಚ್ ೨೦೦೬

ಐಶ್ವರ್ಯಳ ತಂದೆಯವರಿಗೆ ನಿರ್ಮಲಾ ಮಾಡುವ ನಮಸ್ಕಾರ.

ನಿಮ್ಮ ವಕೀಲರ ಕಾಗದ ಮುಟ್ಟಿತು. ‘ಹೆಂಡತಿ ತಾನಾಗಿಯೇ ಗಂಡನನ್ನು ಬಿಟ್ಟಳು’ ಎಂದು ಬರೆಸಿ, ಕೆಳಗೆ ನನ್ನ ಸಹಿ ಕೇಳಿದ್ದೀರಿ. ಭೇಷ್! ಮೂರು ವರ್ಷದಲ್ಲಿ ನಿಮ್ಮಿಂದ ಬಂದ ಮೊದಲ ಕಾಗದ ಇದು.

‘ಕೂಸಿನ್ನ ಕರಕೊಂಡು ಬೆಂಗಳೂರಿಗೆ ಬಾ, ಸ್ಟೇಷನ್ ಬಾಗಿಲದಾಗ ನಿಂತಿರ್ತೇನಿ, ಹೆದರಬ್ಯಾಡ’ ಎಂದು ಫೋನಿನಲ್ಲಿ ಹೇಳಿದವರು ನೀವೇ. ಯಾವ ಬಾಗಿಲು ಎಂದು ನಾನು ಕೇಳಲಿಲ್ಲ. ನಮ್ಮ ಬ್ಯಾಡಗಿ ಸ್ಟೇಷನ್ನಿಗೆ ಇರುವುದೇ ಒಂದು ಬಾಗಿಲು. ಇಳಿದವರೆಲ್ಲ ಅಲ್ಲಿಂದಲೇ ಹೊರಗೆ ಬರಬೇಕು. ಮೆಜೆಸ್ಟಿಕ್ ಕಡೆಯ ಬಾಗಿಲಲ್ಲಿ ಬೆಳಗಿನಿಂದ ಸಂಜೆಯ ತನಕ ಕೂತೆ. ಕೂಸು ಅತ್ತು ಅತ್ತು ಸುಸ್ತಾಯಿತು. ಅಲ್ಲಿ ಮೂಟೆ ಹೊರುವ ನಮ್ಮೂರ ಲಕ್ಕಪ್ಪ ನೋಡಿ, ‘ಯವ್ವಾ, ಊರಿಗೆ ಹೊಳ್ಳಿ ಹೋಗವ್ವಾ’ ಎಂದು ರೈಲು ಹತ್ತಿಸಿದ.

ಆಮೇಲೆ ನೀವು ಹಿರಿಯರ ಮುಂದೆ, ‘ಹಿಂದಿನ ಬಾಗಿಲದಾಗ ದಿನಪೂರ್ತಿ ಕಾದೆ, ಅಕಿ ಬರಲೇ ಇಲ್ಲ’ ಎಂದಿರಿ. ನಾನು ನಂಬಿದೆ. ತಪ್ಪು ನನ್ನದೇ ಎಂದು ಮೂರು ವರ್ಷ ಅತ್ತೆ. ಮೆಣಸಿನಕಾಯಿ ತೊಟ್ಟು ಬಿಡಿಸುವಾಗ ಜೊತೆಯವರು ಕೇಳಿದರೆ ಘಾಟು ಎನ್ನುತ್ತಿದ್ದೆ. ಬ್ಯಾಡಗಿ ಕಾಯಿಗೆ ಅಷ್ಟು ಘಾಟಿಲ್ಲ ಎಂದು ಅವರಿಗೆ ಗೊತ್ತಿಲ್ಲವೇ?

ಹೋದ ವಾರ ಬೆಂಗಳೂರಿಗೆ ಬಂದಿದ್ದೆ. ನಿಮ್ಮನ್ನು ನೋಡಲಿಕ್ಕಲ್ಲ, ಆ ಸ್ಟೇಷನ್ ನೋಡಲಿಕ್ಕೆ. ನೆಲದಡಿಯ ದಾರಿ ಹಿಡಿದು ಒಂದೊಂದೇ ಪ್ಲಾಟ್‌ಫಾರ್ಮ್ ಹತ್ತಿ ಇಳಿದೆ. ಕೊನೆಯ ಪ್ಲಾಟ್‌ಫಾರ್ಮಿನ ಆಚೆ, ನೀವು ಹೇಳಿದ ಹಿಂಬಾಗಿಲು ಖರೇನೇ ಇದೆ. ಅಲ್ಲಿ ಒಂದು ತಾಸು ನಿಂತೆ. ತಿಳಿಯಬೇಕಾದದ್ದು ತಿಳಿಯಿತು.

ಕಾಗದವನ್ನು ಸಹಿ ಇಲ್ಲದೆ ವಾಪಸ್ ಕಳಿಸಿದ್ದೇನೆ. ಬಿಡುಗಡೆ ಬೇಕಾದರೆ ಧಾರಾಳವಾಗಿ ತೆಗೆದುಕೊಳ್ಳಿ. ಆದರೆ ಬಿಟ್ಟವರು ಯಾರೆಂದು ಸರಿಯಾಗಿ ಬರೆಸಿರಿ. ನಾಳೆ ಮಗಳು ಅದನ್ನು ಓದುತ್ತಾಳೆ.

ಇಂತಿ, ಆ ದಿನ ಬಂದಿದ್ದ
ನಿರ್ಮಲಾ

ತಾ.ಕ.: ಒಂದು ಮಾತು ಯಾರಿಗೂ ಹೇಳಿರಲಿಲ್ಲ. ಆ ಮಧ್ಯಾಹ್ನ ವಿಚಾರಣೆಯ ಕಿಟಕಿಗೆ ಹೋಗಿ ನಿಮ್ಮನ್ನು ಕೂಗಿಸಿದ್ದೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ನಾಚಿಕೆಯಿಂದ ಮುಚ್ಚಿಟ್ಟೆ. ‘ಬ್ಯಾಡಗಿಯ ರುದ್ರಮುನಿ’ ಎಂದು ಮೈಕಿನಲ್ಲಿ ಮೂರು ಸಲ ಕರೆದರು. ಹೋದ ವಾರ ಹಿಂಬಾಗಿಲಲ್ಲಿ ನಿಂತಾಗ ಇನ್ಯಾರದೋ ಹೆಸರು ಕರೆದರು. ಒಂದೊಂದು ಅಕ್ಷರವೂ ಕೇಳಿಸಿತು. ನೀವು ಆ ದಿನ ಅಲ್ಲಿ ಇದ್ದದ್ದು ಖರೇ ಆದರೆ, ಕೇಳಿಸಿಯೂ ಬರಲಿಲ್ಲ; ಇರಲಿಲ್ಲವಾದರೆ, ಹಿರಿಯರ ಮುಂದೆ ಸುಳ್ಳು ಹೇಳಿದಿರಿ. ಎರಡರಲ್ಲಿ ಯಾವುದೆಂದು ನೀವೇ ಬರೆಸಿರಿ, ರುದ್ರಮುನಿ.