ಫಿರಂಗಿಯ ಮನೆಯಲ್ಲಿ ಯಾರೂ ಇಲ್ಲ

ಬಿನ್ ಮಹಮೂದ್, ದೋಹಾ

ಬ್ರಿಟಿಷರಿಂದ ಕೊಂಡ ಹಳೆಯ ಹಡಗಿನಲ್ಲಿ ಗುಂಡು ತುಂಬುತ್ತ ಬಲಗಿವಿಯನ್ನು ನಮ್ಮ ನೌಕಾಪಡೆಗೆ ದಾನ ಮಾಡಿದ ಅಜ್ಜನಿಗೆ ಮೊಮ್ಮಗಳ ಸಲ್ಯೂಟ್.

ಫೋನಿನಲ್ಲಿ ನಿಮ್ಮ ಎಡಗಿವಿಗೂ ಸರಿಯಾಗಿ ಕೇಳಿಸದ ಕಾರಣ ವರದಿಯನ್ನು ಕಾರ್ಡಿನಲ್ಲೇ ಒಪ್ಪಿಸುತ್ತಿದ್ದೇನೆ. ಹಮದ್ ಬಂದರಿಗೆ ಬ್ರಿಟಿಷ್ ಡಿಸ್ಟ್ರಾಯರ್ ಯುದ್ಧನೌಕೆ ಬಂದಿತ್ತು, ಜನರನ್ನು ಒಳಗೆ ಬಿಟ್ಟರು. "ಈಗ ಗುಂಡು ಎತ್ತುವವರು ಯಾರು, ಅವರ ಕಿವಿ ನೆಟ್ಟಗಿದೆಯಾ, ನೋಡಿ ಬಾ" ಎಂದು ಆಜ್ಞಾಪಿಸಿದ್ದಿರಲ್ಲ? ಮುಂಭಾಗದಲ್ಲಿ ಕಾಗದ ಮಡಚಿ ಮಾಡಿದಂತಹ ಫಿರಂಗಿ ಗೋಪುರ, ಅದಕ್ಕೊಂದೇ ನಳಿಗೆ. ನಾನು ಗಂಭೀರವಾಗಿ ತಟ್ಟಿ, "ಒಳಗೆ ಯಾರಿದ್ದೀರಿ?" ಎಂದೆ. ಗೆಳತಿ ಅಸೀಫಾ, "ಯಲ್ಲಾ, ಬಾ ಮಾರಾಯ್ತಿ, ಹಿಡಿದು ಒಳಗೆ ಹಾಕ್ತಾರೆ!" ಎಂದು ಎಳೆದಳು. ಹಡಗು ತೋರಿಸುತ್ತಿದ್ದ ನಾವಿಕ ನಕ್ಕ. ಗೋಪುರದೊಳಗೆ ಯಾರೂ ಇರುವುದಿಲ್ಲವಂತೆ. ಹಾರಿಸುವವನು ಬೇರೆ ಕೋಣೆಯಲ್ಲಿ ಪರದೆಯ ಮುಂದೆ ಕೂತಿರುತ್ತಾನೆ. ಆದರೆ ಕೆಳಗಿನ ಡೆಕ್ಕಿನಲ್ಲಿ ಯಂತ್ರಕ್ಕೆ ಗುಂಡು ಉಣಿಸುವುದು ಇಂದಿಗೂ ಮನುಷ್ಯರ ಕೈಯೇ, ಅಜ್ಜ! ಅವರ ಕಿವಿಗಳೂ ಕ್ಷೇಮ.

ನಾವಿಕ ಕೊಟ್ಟ ಇಯರ್‌ಪ್ಲಗ್‌ಗಳನ್ನು ಅಸೀಫಾ ಊರಿಗೆ ಬರುವಾಗ ತರುತ್ತಾಳೆ. ಬಲಗಿವಿಗೆ ತಡವಾಯಿತು, ಅಜ್ಜಿ ಬೈಯಲು ಶುರುಮಾಡಿದಾಗ ಎಡಗಿವಿಗೆ ಹಾಕಿಕೊಳ್ಳಿ. ಇದು ತೆರೆದ ಕಾರ್ಡು, ಅಜ್ಜಿ ನಿಮಗಿಂತ ಮೊದಲೇ ಓದಿರುತ್ತಾರೆ. ನಾನಂತೂ ದೂರದಲ್ಲಿದ್ದೇನೆ.

ಮೋಕ್ಷಾ