ಸಮುದ್ರ ಎಡಗೈಗೆ

ನವೆಂಬರ್ ೧೨, ಭಾನುವಾರ ಸಂಜೆ

ಪ್ರೀತಿಯ ಕುಳ್ಳಿಗೆ,

ಮೊದಲು ನನ್ನನ್ನು ಬೈದು ಮುಗಿಸು, ಆಮೇಲೆ ಓದು. ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಅಡುಗೆಮನೆಯ ಕಿಟಕಿಯಲ್ಲಿ, ಉಪ್ಪಿನ ಡಬ್ಬಿಯ ಕೆಳಗೆ ಇಟ್ಟಿದ್ದೆ. ಉಪ್ಪು ಬೇಕಾದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು, ನಾನು ಮುಖ ತಿರುಗಿಸುತ್ತಿದ್ದೆ. ಸಾರಿಗೆ ಉಪ್ಪು ಕಡಿಮೆ ಎಂದು ನಿನ್ನ ಭಾವ ಗೊಣಗಿದ್ದೂ ಇದೆ. ಮೊಣಕಾಲು ಇನ್ನೂ ಮಡಚಲು ಬರುತ್ತಿಲ್ಲ, ಇನ್ನು ಸೈಕಲ್ ಹತ್ತುವುದು ಆಗದ ಮಾತು, ಅಲ್ಲಿ ಬಿಟ್ಟುಬಂದದ್ದನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಬರೆದಿದ್ದೆಯಲ್ಲ, ಅದಕ್ಕೆ ಏನು ಉತ್ತರ ಬರೆಯಬೇಕೋ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಕೊಡುವುದಿಲ್ಲ, ಅಷ್ಟೆ.

ಇಲ್ಲಿ ಗಾಳಿಯ ಕಾಲ ಶುರುವಾಗಿದೆ. ಲಾಂಚು ನಿಲ್ಲುವ ಧಕ್ಕೆಯ ಮೇಲಿನ ತಗಡುಗಳು ದಿನವಿಡೀ ಬಡಿದುಕೊಳ್ಳುತ್ತವೆ. ನಮ್ಮ ಪಾರ್ಸೆಲ್ ಕಚೇರಿಯ ಬಾಗಿಲು ತೆರೆದಾಗಲೆಲ್ಲ ತೂಕದ ಯಂತ್ರದ ಮುಳ್ಳು ನಡುಗುತ್ತದೆ, ಒಂದು ಕಡೆ ನಿಲ್ಲುವುದಿಲ್ಲ. ನಾನೂ ಹಾಗೇ ಆಗಿದ್ದೇನೆ. ಲಾಂಚು ಬಂದ ಸದ್ದಾದರೆ ಸಾಕು, ಎದುರಿಗಿರುವವರ ಗಂಟನ್ನು ಯಂತ್ರದ ಮೇಲೇ ಬಿಟ್ಟು, ಇಳಿಯುವವರನ್ನು ನೋಡಿಕೊಂಡು ಬರುತ್ತೇನೆ. "ಯಾರಾದ್ರೂ ಬರೋರಿದಾರಾ?" ಎಂದು ಮೊನ್ನೆ ಲಾಂಚಿನವನು ಕೇಳಿದ. ಇಲ್ಲಪ್ಪ, ಗಾಳಿಗೆ ಬಂದೆ ಅಂದೆ. ಆ ಗಾಳಿಗೆ ಅವನ ಟೋಪಿಯೇ ಹಾರಿಹೋಗಿತ್ತು.

ಭಾನುವಾರದ ಸುತ್ತು ತಪ್ಪಿಸಿಲ್ಲ. ಬೆಳಕು ಹರಿಯುವಾಗ ಧಕ್ಕೆಯಿಂದ ಹೊರಟು, ಸಮುದ್ರವನ್ನು ಎಡಗೈಗೆ ಇಟ್ಟುಕೊಂಡು ಮೊದಲಿಗೇ ದೊಡ್ಡ ಏರು ಹತ್ತಿ, ದ್ವೀಪ ಸುತ್ತಿ ಮತ್ತೆ ಧಕ್ಕೆಗೆ. ನಾವು ಲಂಗ ಮೇಲಕ್ಕೆ ಸಿಕ್ಕಿಸಿಕೊಂಡು ಸೈಕಲ್ ಕಲಿತ ಕಾಲದಿಂದ ಇದೇ ದಾರಿ, ಮುಂದೆ ನಾನು, ಹಿಂದೆ ನೀನು. ಈಗ ನನ್ನ ಹಿಂದೆ ಹಲ್ಲಿನ ಡಾಕ್ಟರು ಬರುತ್ತಾರೆ. ನಾನು "ಗುಂಡಿ" ಎಂದು ಕೂಗಿದರೆ, ಕೇಳಿಸಿತು ಎನ್ನಲು ನೀನು ಒಂದು ಸಲ ಗಂಟೆ ಬಾರಿಸುತ್ತಿದ್ದೆ. ಇವರು "ಆಂ? ಏನಂದ್ರಿ?" ಎನ್ನುತ್ತಾ ನೆಟ್ಟಗೆ ಗುಂಡಿಯೊಳಗೇ ಇಳಿಯುತ್ತಾರೆ. ಊರಿನವರ ಬಾಯೊಳಗಿನ ಸಣ್ಣ ತೂತೂ ಕಾಣುವ ಮನುಷ್ಯನಿಗೆ ರಸ್ತೆಯ ಗುಂಡಿ ಕಾಣುವುದಿಲ್ಲ.

ನೀನು ಮಾಡಬೇಕಾದದ್ದು ಇಷ್ಟು. ಮೊಣಕಾಲಿಗೆ ದಿನಾ ಶಾಖ ಕೊಡು. ಕಾಲಿನ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಬಿಡಬೇಡ. ಮಂಚವನ್ನು ಗೋಡೆಗೆ ತಾಗಿಸಿ ಹಾಕಿಕೊಂಡಿದ್ದೇನೆ ಎಂದು ಬರೆದಿದ್ದೆ, ಪಟ್ಟಣದ ಬಾಡಿಗೆ ಕೋಣೆಯ ಗೋಡೆ ತೇವ ಹಿಡಿಯುತ್ತದೆ, ಈಚೆಗೆ ಎಳೆದುಕೋ. ಏಪ್ರಿಲ್ ಹೊತ್ತಿಗೆ ಕಾಲು ಸರಿಹೋಗುತ್ತದೆ. ಆಗ ಬಂದುಬಿಡು, ಒಂದು ಸುತ್ತು ಹೋಗೋಣ, ಬೇಕಾದರೆ ನಿಧಾನವಾಗಿಯೇ.

ಒಳ್ಳೆಯದಾಗಲಿ.

ನಿನ್ನ ಅಕ್ಕ

---

ಫೆಬ್ರುವರಿ ೪

ಕುಳ್ಳೀ,

ಮತ್ತೆ ತಡವಾಯಿತು. ಚಳಿಗೆ ಬೆರಳು ಸೆಟೆದುಕೊಂಡು ಪೆನ್ನು ಹಿಡಿಯಲು ಆಗುತ್ತಿರಲಿಲ್ಲ ಎಂದು ಹೇಳಬಹುದು. ಆದರೆ ಅದೇ ಬೆರಳಿನಿಂದ ನಿನ್ನ ಸೈಕಲ್ಲಿನ ಚೈನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಬಿಟ್ಟು, ಮತ್ತೆ ಹಾಕಿದ್ದೇನೆ. ಹಿಂದಿನ ಕೋಣೆಯಲ್ಲಿ ನಿನ್ನ ಮಂಚದ ಪಕ್ಕದಲ್ಲೇ ನಿಂತಿದೆ. ನೀನು ಬಿದ್ದಾಗ ಬಾಗಿದ ಹ್ಯಾಂಡಲನ್ನು ಸೈಕಲ್ ಅಂಗಡಿಯ ಅಜ್ಜ ನೆಟ್ಟಗೆ ಮಾಡಿಕೊಟ್ಟಿದ್ದಾರೆ. ಗಂಟೆಗೆ ಮಾತ್ರ ಏನೂ ಆಗಿರಲಿಲ್ಲ, ಆಗಾಗ ಬಾರಿಸಿ ನೋಡುತ್ತೇನೆ. ಒಂದು ಸಲ ನಿನ್ನ ಭಾವ ಬಾಗಿಲಲ್ಲಿ ಬಂದು ನಿಂತರು, ಕೈಯಲ್ಲಿ ತಿದ್ದುತ್ತಿದ್ದ ಗಣಿತದ ಪೇಪರು. "ಯಾರಾದ್ರೂ ಬಂದ್ರಾ?" ಎಂದು ಕೇಳಿದರು. ಇಲ್ಲ ಅಂದೆ. ಒಳಗೆ ಹೋದರು.

ದಾರಿಯಲ್ಲಿ ಬೆಳಗಿನ ಇಬ್ಬನಿ ಹೆಪ್ಪುಗಟ್ಟಿರುತ್ತದೆ, ತಿರುವಿನಲ್ಲಿ ಗಾಲಿ ಜಾರುತ್ತದೆ. ಹಲ್ಲಿನ ಡಾಕ್ಟರು ಬರುವುದು ಬಿಟ್ಟಿದ್ದಾರೆ. ಹಾಗಾಗಿ ಒಬ್ಬಳೇ. ಮನೆಯಲ್ಲಿ ಕೂತರೆ ಕೂರಲಾಗುವುದಿಲ್ಲ, ಸೈಕಲ್ ಹತ್ತಿದರೆ ಬೇಗ ಮನೆ ಸೇರಿದರೆ ಸಾಕು ಅನ್ನಿಸುತ್ತದೆ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ ನೀನು" ಎನ್ನುತ್ತಾರೆ ನಿನ್ನ ಭಾವ. ಹೌದು, ಎರಡು ಚಕ್ರ. ಹಿಂದೆ ಯಾರೂ ಇಲ್ಲದಿದ್ದರೂ ಗುಂಡಿ ಬಂದರೆ ಬಾಯಿ ತಾನಾಗಿ ಕೂಗುತ್ತದೆ. ಮೊನ್ನೆ ಕುರಿ ಮೇಯಿಸುವ ಮುದುಕಿ ನನ್ನನ್ನು ನಿಲ್ಲಿಸಿ, "ಯಾರನ್ನ ಬೈತಾ ಹೋಗ್ತಿದೀಯಮ್ಮ?" ಎಂದಳು.

ಅಂದಹಾಗೆ, ದೊಡ್ಡ ಏರಿನ ನೆತ್ತಿಯಲ್ಲಿ ಬಲಕ್ಕೆ ಒಂದು ಒಂಟಿ ಮನೆ ಇದೆಯಲ್ಲ, ನೀಲಿ ಬಾಗಿಲಿನದು, ಆ ಬಾಗಿಲಿಗೆ ಈಗ ಕೆಂಪು ಬಣ್ಣ ಬಳಿದಿದ್ದಾರೆ. ಮನೆಯ ಕಳೆಯೇ ಹೋಯಿತು. ನಿನಗೂ ಬೇಜಾರಾಗುತ್ತದೆ ಎಂದು ಗೊತ್ತು, ಅದಕ್ಕೇ ಬರೆದೆ.

ಕಾಲು ಹೇಗಿದೆ? ಎರಡು ಸಾಲು ಬರೆದರೆ ಸಾಲದು. ಎಷ್ಟು ಮಡಚುತ್ತದೆ, ಎಲ್ಲಿ ಹಿಡಿಯುತ್ತದೆ, ಎಲ್ಲ ಬರೆ.

ನಿನ್ನ ಅಕ್ಕ

---

ಏಪ್ರಿಲ್ ೨೨

ಪ್ರೀತಿಯ ಕುಳ್ಳಿಗೆ,

ಈ ಸಲ ತಡ ಮಾಡಿಲ್ಲ, ನಿನ್ನ ಪತ್ರ ಇವತ್ತೇ ಬಂತು, ಇವತ್ತೇ ಕೂತಿದ್ದೇನೆ. ಕೋಪದಲ್ಲಿ ಬರೆದರೆ ಅಕ್ಷರ ಚೆನ್ನಾಗಿ ಬರುತ್ತದೆ, ನೋಡು.

"ಯಾವ ನೀಲಿ ಬಾಗಿಲಿನ ಮನೆ? ನಾನು ನೋಡಿಯೇ ಇಲ್ಲ" ಎಂದು ಬರೆದಿದ್ದೀಯ. ಚಿಕ್ಕಂದಿನಿಂದ ಪ್ರತಿ ಭಾನುವಾರ ಆ ಮನೆಯ ಮುಂದೆ ಹೋದವಳು ನೀನು. ಕಣ್ಣು ಎಲ್ಲಿಟ್ಟಿದ್ದೆ? ಈಗ ಕನ್ನಡಕದ ಅಂಗಡಿಯಲ್ಲೇ ಕೆಲಸ ಮಾಡುತ್ತಿದ್ದೀಯ, ಒಂದು ಜೊತೆ ನಿನಗೂ ಹಾಕಿಸಿಕೋ. ಭಾವನಿಗೆ ಓದಿ ಹೇಳಿ ನಕ್ಕೆ. ಅವರು ನಗಲಿಲ್ಲ.

ಅಂಗಡಿಯಲ್ಲಿ ಬಿಡುವಿಲ್ಲ, ಕಾಲೂ ಹಾಗೇ ಇದೆ, ಈ ವಸಂತಕ್ಕೆ ಬರಲು ಆಗುವುದಿಲ್ಲ ಎಂದು ಬರೆದಿದ್ದೀಯ. ನಾನು ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೆ, ಹಾಸಿಗೆ ಬಿಸಿಲಿಗೆ ಹಾಕಿದ್ದೆ. ಹೋಗಲಿ. ಏರಿನ ಎರಡೂ ಬದಿಗೆ ಹಳದಿ ಹೂ ಕಿಕ್ಕಿರಿದಿದೆ, ಅದು ನಿನ್ನ ಅಂಗಡಿಗೆ ಬಿಡುವಾಗುವವರೆಗೆ ಕಾಯುವುದಿಲ್ಲ. ಮನಸ್ಸಿಗೆ ಬಹಳ ಬೇಜಾರಾಗಿದೆ, ಸುಳ್ಳು ಯಾಕೆ ಹೇಳಲಿ. ನಿನ್ನ ಕಾಲಿನ ಡಾಕ್ಟರ ವಿಳಾಸ ತರಿಸಿ ನಾನೇ ಬರೆದು ಕೇಳುತ್ತೇನೆ ಅಂದರೆ ನಿನ್ನ ಭಾವ ಪೇಪರು ಕೆಳಗಿಟ್ಟರು. "ಅವಳು ಬರಲ್ಲ ಅನ್ನೋದನ್ನ ಇನ್ನೂ ಎಷ್ಟು ಥರ ಹೇಳ್ಬೇಕು ನಿಂಗೆ?" ಎಂದರು. ಕಾಲು ನೋವಿರುವಾಗ ಹೇಗೆ ಬರುತ್ತಾಳೆ ಅಂದೆ. "ನಾನೂ ಅದನ್ನೇ ಹೇಳ್ದೆ" ಎಂದು ಮತ್ತೆ ಪೇಪರು ತೆಗೆದುಕೊಂಡರು. ಮೇಷ್ಟರ ಜೊತೆ ಸಂಸಾರ ಮಾಡಿದರೆ ಹೀಗೇ, ಉತ್ತರ ಗೊತ್ತಿದ್ದರೂ ಬಿಡಿಸಿ ಹೇಳುವುದಿಲ್ಲ.

ಹಲ್ಲಿನ ಡಾಕ್ಟರು ಮತ್ತೆ ಬರಲು ಶುರುಮಾಡಿದ್ದಾರೆ. ಅವರದು ಹೊಸ ರಾಗ. "ಒಂದ್ಸಲನಾದ್ರೂ ಉಲ್ಟಾ ಸುತ್ತಿ ನೋಡಿ. ಸಮುದ್ರ ಬಲಗಡೆ ಇಟ್ಕೊಂಡು. ದ್ವೀಪ ಬೇರೇನೇ ಕಾಣುತ್ತೆ" ಎನ್ನುತ್ತಾರೆ. ನನಗೆ ಇರುವ ದ್ವೀಪ ಸಾಕು ಅಂದೆ.

ಶಾಖ ಕೊಡುವುದು ಬಿಡಬೇಡ.

ಅಕ್ಕ

---

ಜುಲೈ ೧೫

ಪ್ರೀತಿಯ ಕುಳ್ಳಿಗೆ, ನಿನ್ನ ಅಕ್ಕ ನೆನೆಯುತ್ತಾ ಬರೆಯುವುದು.

ಈ ಸಲದಷ್ಟು ತಡ ಯಾವತ್ತೂ ಆಗಿರಲಿಲ್ಲ. ನಿನ್ನ ಎರಡು ಪತ್ರ ಬಂದವು, ಎರಡನ್ನೂ ಓದಿದೆ. "ಅಕ್ಕಾ, ಹುಷಾರಿದ್ದೀಯಾ, ಯಾಕೆ ಸುಮ್ಮನಾದೆ" ಎಂದು ಕೇಳಿದ್ದೀಯ. ಹುಷಾರಾಗಿಯೇ ಇದ್ದೇನೆ. ಬರೆಯಲು ನಾಲ್ಕೈದು ಸಲ ಕೂತೆ, ಎದ್ದೆ. ಬಾಗಿಲಿಗೆ ಹೋಗಿ ಬಂದೆ, ಒಲೆ ಆರಿಸಿದ್ದೇನೆಯೇ ಎಂದು ನೋಡಿ ಬಂದೆ. ನಿನ್ನ ಭಾವ ಕೊನೆಗೆ ಕುರ್ಚಿಯ ಪಕ್ಕದಲ್ಲಿ ನೀರಿಟ್ಟು, ಬಾಗಿಲು ಎಳೆದುಕೊಂಡು ಹೋಗಿದ್ದಾರೆ.

ಬಿಸಿಲು ವಿಪರೀತ. ಟಾರು ಕರಗಿ ಗಾಲಿಗೆ ಅಂಟುತ್ತದೆ. ಪ್ರವಾಸಿಗಳು ಲಾಂಚಿನ ತುಂಬ ಬರುತ್ತಾರೆ, ಅಜ್ಜನ ಅಂಗಡಿಯಿಂದ ಸೈಕಲ್ ಬಾಡಿಗೆಗೆ ಹಿಡಿದು, ಅರ್ಧ ಏರು ಹತ್ತಿ, ಮಿಕ್ಕರ್ಧ ತಳ್ಳಿಕೊಂಡು ಹೋಗುತ್ತಾರೆ. ಕಚೇರಿಯಲ್ಲಿ ನನ್ನ ಕುರ್ಚಿಯನ್ನು ಕಿಟಕಿಯ ಕಡೆಗೆ ಬೆನ್ನು ಮಾಡಿ ಇಟ್ಟುಕೊಂಡಿದ್ದೇನೆ. ಲಾಂಚು ಬಂದರೆ ಏಳುವುದಿಲ್ಲ. ಕೆಲಸ ಬೇಗ ಮುಗಿಯುತ್ತದೆ.

ಒಂದು ಮುಖ್ಯ ವಿಷಯ. ನಿನ್ನ ಸೈಕಲನ್ನು ಶುಕ್ರವಾರದ ಲಾಂಚಿನಲ್ಲಿ ಕಳಿಸಿದ್ದೇನೆ. ನಾನೇ ತೂಗಿದೆ, ನಾನೇ ಗೋಣಿ ಸುತ್ತಿ ಹೊಲಿದೆ, ಚೀಟಿಯೂ ನಾನೇ ಅಂಟಿಸಿದೆ. ಆ ಕಡೆಯ ಧಕ್ಕೆಯಲ್ಲಿ ನಿನ್ನ ಹೆಸರು ಹೇಳಿ ಬಿಡಿಸಿಕೋ. ಪೆಡಲ್ ಬಿಚ್ಚಿ ಸೀಟಿನ ಕೆಳಗಿನ ಚೀಲದಲ್ಲಿ ಹಾಕಿದ್ದೇನೆ. ಎಡಗಡೆಯದನ್ನು ಉಲ್ಟಾ ತಿರುಗಿಸಿ ಬಿಗಿಮಾಡಬೇಕು, ನೆನಪಿರಲಿ. ಇಲ್ಲ, ಬಿಡು, ನಿನಗೆ ಗೊತ್ತಿದೆ. ಹಿಂದಿನ ಕೋಣೆ ಈಗ ದೊಡ್ಡದಾಗಿ ಕಾಣುತ್ತದೆ.

ಊಟ ಹೊತ್ತಿಗೆ ಸರಿಯಾಗಿ ಮಾಡು. ನೀನು ಎಲ್ಲಿದ್ದರೂ ನಿನ್ನ ಮೈಗೆ ನೋವಾಗದಿರಲಿ, ದಾರಿ ಹಸನಾಗಿರಲಿ. ಭಾವನೂ ಹರಸಿದ್ದಾರೆ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಅಂದುಕೊಂಡದ್ದು. ಕವರಿಗೆ ಅಂಟು ಹಚ್ಚಿದವಳು ಮತ್ತೆ ತೆಗೆದು ಕೂತಿದ್ದೇನೆ.

ಜೂನ್ ತಿಂಗಳ ಒಂದು ಭಾನುವಾರ ಡಾಕ್ಟರ ಕಾಟ ತಾಳಲಾರದೆ ಉಲ್ಟಾ ಸುತ್ತು ಹೊರಟೆ. ಅವರೇ ಅರ್ಧ ದಾರಿಗೆ ಟ್ಯೂಬು ಒಡೆದು ಹಿಂದೆ ಉಳಿದರು. ದೊಡ್ಡ ಏರು ಕೊನೆಗೆ ಬಂತು, ಅದೂ ಇಳಿಜಾರಾಗಿ. ಮೂರನೆಯ ತಿರುವಿನಲ್ಲಿ ಒಬ್ಬಳು ಅಜ್ಜನ ಅಂಗಡಿಯ ಬಾಡಿಗೆ ಸೈಕಲ್ಲಿನಲ್ಲಿ ಕೆಳಗಿನಿಂದ ಹತ್ತುತ್ತಿದ್ದಳು. ಸೀಟಿನಿಂದ ಎದ್ದು ನಿಂತು, ತಲೆ ತಗ್ಗಿಸಿ, ಎಡ ಭುಜ ಸ್ವಲ್ಪ ಮೇಲೆತ್ತಿಕೊಂಡು. ಆ ಭುಜ ನೋಡಿದಾಗಲೇ ಯಾರೆಂದು ತಿಳಿಯಿತು. ಮೊಣಕಾಲು ನೋಡಿದೆ. ಎರಡೂ ಚೆನ್ನಾಗಿ ಮಡಚುತ್ತಿದ್ದವು, ಕುಳ್ಳಿ. ನಿನ್ನ ಕಾಲು ಸರಿಹೋಗಲಿ ಎಂದು ಇಡೀ ವರ್ಷ ಹಂಬಲಿಸಿದವಳಿಗೆ, ಅದು ಸರಿಹೋದದ್ದನ್ನು ಕಂಡು ಅಳು ಬಂತು.

ಆ ತಿರುವಿನ ಗುಂಡಿ ನಿನಗೆ ಗೊತ್ತಲ್ಲ. ಬಾಯಿ ತಾನಾಗಿ ಕೂಗಿತು. ನೀನು ತಲೆ ಎತ್ತಲಿಲ್ಲ. ಆದರೆ ಗಂಟೆ ಕೇಳಿಸಿತು, ಒಂದು ಸಲ.

ಇಳಿಜಾರಿನ ವೇಗದಲ್ಲಿ ನಿಲ್ಲಿಸುವಷ್ಟರಲ್ಲಿ ಕೆಳಗಿನ ತಿರುವು ದಾಟಿದ್ದೆ. ಒಂದು ಕಾಲು ನೆಲಕ್ಕೆ ಊರಿ ನಿಂತೆ. ಕೂಗಿ ಕರೆಯಬೇಕು ಅಂದುಕೊಂಡೆ. ಯಾವತ್ತೂ ಮುಚ್ಚದ ಬಾಯಿ ಅವತ್ತು ತೆರೆಯಲಿಲ್ಲ. ಸಂಜೆಯವರೆಗೆ ಮನೆಯಲ್ಲಿ ಕಾದೆ, ಬಾಗಿಲು ತೆರೆದೇ ಇತ್ತು. ಸಂಜೆಯ ಲಾಂಚು ಹೊರಟ ಸದ್ದು ಕೇಳಿತು.

ಆಮೇಲೆ ನನಗೆ ನಿನ್ನ ಲೆಕ್ಕ ಅರ್ಥವಾಯಿತು. ಭಾನುವಾರ ನಾನು ಕೌಂಟರಿನಲ್ಲಿರುವುದಿಲ್ಲ. ನಾನು ಬೆಳಕು ಹರಿಯುವಾಗ ಹೊರಟರೆ, ನೀನು ಲಾಂಚು ಇಳಿದು ಹೊರಡುವ ಹೊತ್ತಿಗೆ ಎಷ್ಟೋ ಮುಂದಿರುತ್ತೇನೆ. ಸಮುದ್ರ ಎಡಗೈಗೇ ಇರುತ್ತದೆ, ಅಕ್ಕ ಎಂದೂ ದಾರಿ ಬದಲಿಸುವವಳಲ್ಲ, ಎದುರಾಗುವ ಮಾತೇ ಇಲ್ಲ. ನನ್ನನ್ನು ನಿನ್ನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ.

ಸೈಕಲ್ ಅಂಗಡಿಯ ಅಜ್ಜನನ್ನು ಕೇಳಿದೆ. ಅವರು ಬಹಳ ಹೊತ್ತು ಒಂದು ನಟ್ಟನ್ನು ಬಟ್ಟೆಯಲ್ಲಿ ಒರೆಸಿದರು. "ಹೇಳ್ಬೇಡಿ ಅಂದಿದ್ರಮ್ಮ" ಎಂದರು. ಆಮೇಲೆ, "ಒಂದ್ಸಲ ಒಬ್ಳೇ ಸುತ್ತಿ ನೋಡ್ಬೇಕು ಅಂದ್ರು. ಇಷ್ಟು ವರ್ಷ ಅಕ್ಕನ ಹಿಂದಿನ ಗಾಲಿ ಬಿಟ್ರೆ ಬೇರೇನೂ ನೋಡಿಲ್ಲ ಅಂದ್ರು. ಕೋಪದಲ್ಲಿ ಹೇಳ್ಲಿಲ್ಲಮ್ಮ, ನಗ್ತಾನೇ ಹೇಳಿದ್ರು" ಎಂದರು. ಕೋಪದಲ್ಲಿ ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ನಿನಗೆ ಬೇಡವಾದದ್ದು ಸೈಕಲ್ ಅಂದುಕೊಂಡು ಅದಕ್ಕೆ ವರ್ಷವಿಡೀ ಎಣ್ಣೆ ಬಿಟ್ಟೆ. ಬೇಡವಾದದ್ದು ನಾನು.

ನೆತ್ತಿಯ ಮನೆ ಈಗಲಾದರೂ ಕಂಡಿತೇ? ಕೆಂಪು ಬಾಗಿಲೇ ಚೆನ್ನಾಗಿದೆ ಅನ್ನಿಸಿದರೆ ಹಾಗೇ ಬರೆ, ನಾನು ವಾದ ಮಾಡುವುದಿಲ್ಲ. ಅವತ್ತು ಬಾರಿಸಿದ್ದು ನೀನೋ, ಅಭ್ಯಾಸಬಲದಿಂದ ನಿನ್ನ ಹೆಬ್ಬೆರಳೋ, ಅದನ್ನಂತೂ ಬರೆಯಬೇಡ. ಎರಡರಲ್ಲಿ ಯಾವುದೆಂದು ತಿಳಿಯದಿದ್ದರೇ ನನಗೆ ನಿದ್ದೆ ಬರುತ್ತದೆ.

ಸೈಕಲ್ ಬಿಡಿಸಿಕೊಂಡಾಗ ಹ್ಯಾಂಡಲಿನ ಮೇಲೆ ಗಂಟೆ ಇರುವುದಿಲ್ಲ, ದಾರಿಯಲ್ಲಿ ಬಿದ್ದುಹೋಯಿತೆಂದು ಹುಡುಕಬೇಡ. ಬಿಚ್ಚಿ ಇಟ್ಟುಕೊಂಡಿದ್ದೇನೆ. ಅಲ್ಲಿನ ರಸ್ತೆಯಲ್ಲಿ "ಗುಂಡಿ" ಎಂದು ಕೂಗಲು ನಾನಿರುವುದಿಲ್ಲ, ಅದು ನಿನಗೆ ಬೇಕಾಗುವುದಿಲ್ಲ.